ಹಳೆಯ ಕಾರು, ಹಿತಮಿತದ ಅಂದ ಮತ್ತು ಕಾನೂನಿನ ಗೊಂದಲ

2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿ.ಎಸ್.ಟಿ. ಪರಿಷ್ಕರಣೆಯಿಂದ ಸಣ್ಣ ಕಾರುಗಳ ಮೇಲಿದ್ದ ಶೇ 28ರ ತೆರಿಗೆ ಹಾಗೂ ಅದರ ಮೇಲಿನ ಸೆಸ್ ಎರಡೂ ಹೋಗಿ ಶೇ 18ರ ಒಂದೇ ದರ ನಿಗದಿಯಾಯಿತು. ಹೊಸ ಕಾರಿನ ಬೆಲೆ ಇಳಿದ ಸುದ್ದಿ ಪತ್ರಿಕೆಗಳ ವರದಿಗಳಲ್ಲಿಯೂ ಅದಕ್ಕಿಂತ ಹೆಚ್ಚಾಗಿ ಜಾಹೀರಾತುಗಳಲ್ಲಿಯೂ ರಾರಾಜಿಸಿತು. ಅದೇ ನಿರ್ಧಾರದ ಇನ್ನೊಂದು ಅಂಶ ಮಾತ್ರ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಮೋಟಾರು ವಾಹನಗಳ ಬಿಡಿಭಾಗಗಳ ಮೇಲಿನ ತೆರಿಗೆಯೂ ಏಕರೂಪವಾಗಿ ಶೇ 18ಕ್ಕೆ ಇಳಿಯಿತು. ಅಂದರೆ ಹೊಸ ಕಾರು ಕೊಳ್ಳುವವನಿಗೆ ದೊರೆತ ರಿಯಾಯಿತಿಯೇ, ಇರುವ ಕಾರನ್ನು ದುರಸ್ತಿ ಮಾಡಿಸಿ ಒಪ್ಪಓರಣವಾಗಿ ಇಟ್ಟುಕೊಳ್ಳಬಯಸುವವನಿಗೂ ದೊರೆಯಿತು. ಮಧ್ಯಮ ವರ್ಗದ ಕುಟುಂಬಕ್ಕೆ ಇವೆರಡರಲ್ಲಿ ಯಾವುದು ಹೆಚ್ಚು ಮುಖ್ಯವೆಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಈ ಪ್ರಶ್ನೆಗೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ವಿಶೇಷ ಅರ್ಥವಿದೆ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ಹಿನ್ನೆಲೆಯಲ್ಲಿ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರ, ಇವು ಮೂರೂ ಕಾರು ಬರುವ ಮೊದಲೇ ಯೋಜಿತವಾದ ಬಡಾವಣೆಗಳು. ಇಲ್ಲಿನ ಮನೆಗಳಲ್ಲಿ ಕಾರಿಗೆ ಜಾಗ ಮಾಡಿಕೊಟ್ಟದ್ದು ನಂತರದ ತಲೆಮಾರು. ಆ ಜಾಗದಲ್ಲಿ ಫಿಯೆಟ್, ಅಂಬಾಸಿಡರ್‌ಗಳ ಕಾಲ ಮುಗಿದು, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಯುಗವೂ 2014ರಲ್ಲಿ ಕೊನೆಗೊಂಡಿತು. ಆದರೆ ಕಾರನ್ನು ದೀರ್ಘಕಾಲ ಇಟ್ಟುಕೊಳ್ಳುವ, ಅದಕ್ಕೆ ಬೇಕಾದ ಭಾಗವನ್ನು ತಾನೇ ಹುಡುಕಿ ತಂದು ಪರಿಚಿತ ಮೆಕ್ಯಾನಿಕ್‌ನಿಂದ ಹಾಕಿಸುವ ರೂಢಿ ಇನ್ನೂ ಉಳಿದಿದೆ. ಅದಕ್ಕೆ ಮುಖ್ಯ ಕಾರಣ ಈ ಬಡಾವಣೆಗಳಿಗೆ ಹತ್ತಿರದಲ್ಲಿಯೇ ಇರುವ ಜಯಚಾಮರಾಜೇಂದ್ರ ರಸ್ತೆ, ಜನರ ಬಾಯಲ್ಲಿ ಜೆ.ಸಿ. ರಸ್ತೆ.

ಮಿನರ್ವ ವೃತ್ತದಿಂದ ಪುರಭವನದ ಕಡೆಗೆ ಸಾಗುವ ಈ ರಸ್ತೆಯನ್ನು ಹೊರಗಿನವರು ರವೀಂದ್ರ ಕಲಾಕ್ಷೇತ್ರದಿಂದ ಗುರುತಿಸುತ್ತಾರೆ. ವಾಹನವುಳ್ಳವರು ಬಿಡಿಭಾಗದ ಅಂಗಡಿಗಳಿಂದ ಗುರುತಿಸುತ್ತಾರೆ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಗಾಜು, ದೀಪ, ಸೀಟಿನ ಹೊದಿಕೆ, ಮ್ಯಾಟ್, ಅಲಾಯ್ ಚಕ್ರ, ಸಂಗೀತ ಸಾಧನ, ಎಲ್ಲವೂ ಒಂದೇ ಸಾಲಿನಲ್ಲಿ ದೊರೆಯುತ್ತವೆ. ಪಕ್ಕದ ಕಲಾಸಿಪಾಳ್ಯ ಬಸ್ಸು, ಲಾರಿಗಳ ಹಳೆಯ ಕೇಂದ್ರವಾದುದರಿಂದ ಭಾರಿ ವಾಹನಗಳ ಭಾಗಗಳೂ ಆ ಭಾಗದಲ್ಲಿ ಸಿಗುತ್ತವೆ. ಒಂದೇ ಸರಕಿನ ಹತ್ತಾರು ವರ್ತಕರು ಒಂದೆಡೆ ಸೇರಿದಾಗ ಬೆಲೆ ಹೋಲಿಸುವ ಖರ್ಚು ಗ್ರಾಹಕನಿಗೆ ಕಡಿಮೆಯಾಗುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಆ ಪಾಠವನ್ನು ಪುಸ್ತಕವಿಲ್ಲದೆ ಕಲಿಯಬಹುದಾದ ಜಾಗವಿದು.

ಲೆಕ್ಕ ಏನು ಹೇಳುತ್ತದೆ?

ಹೊಸ ಕಾರಿನ ನಿಜವಾದ ವೆಚ್ಚವನ್ನು ತಿಂಗಳ ಕಂತಿನಿಂದ ಅಳೆಯುವುದು ಸಾಮಾನ್ಯ ರೂಢಿ. ಅದು ಸರಿಯಾದ ಅಳತೆಯಲ್ಲ. ಉದಾಹರಣೆಗೆ 6 ಲಕ್ಷ ರೂ. ಬೆಲೆಯ ಕಾರೊಂದನ್ನು ತೆಗೆದುಕೊಳ್ಳೋಣ. ಕರ್ನಾಟಕದಲ್ಲಿ 5 ಲಕ್ಷದಿಂದ 10 ಲಕ್ಷ ರೂ.ವರೆಗಿನ ಕಾರಿಗೆ ಜೀವಾವಧಿ ತೆರಿಗೆ ಶೇ 14. ಅಂದರೆ 84,000 ರೂ. ವಿಮಾ ಕಂಪನಿಗಳು ಅನುಸರಿಸುವ ಸವಕಳಿ ಪಟ್ಟಿಯ ಪ್ರಕಾರ ನಾಲ್ಕು ವರ್ಷ ದಾಟಿದ ಕಾರಿನ ಮೌಲ್ಯ ಅರ್ಧಕ್ಕೆ ಇಳಿದಿರುತ್ತದೆ. ಹೀಗೆ ಐದನೆಯ ವರ್ಷ ಮುಗಿಯುವುದರೊಳಗೆ ಸವಕಳಿಯಿಂದ 3 ಲಕ್ಷ, ತೆರಿಗೆಯಿಂದ 84,000, ಒಟ್ಟು 3,84,000 ರೂ. ಕರಗಿಹೋಗುತ್ತದೆ. ವರ್ಷಕ್ಕೆ 76,800, ತಿಂಗಳಿಗೆ 6,400 ರೂ. ಇದರಲ್ಲಿ ಪೆಟ್ರೋಲ್, ವಿಮೆ, ಸಾಲದ ಬಡ್ಡಿ ಯಾವುದೂ ಸೇರಿಲ್ಲ. ಕಾರು ನಿಂತಲ್ಲೇ ನಿಂತಿದ್ದರೂ ಈ ಹಣ ಹೋಗುತ್ತಲೇ ಇರುತ್ತದೆ.

ಇದಕ್ಕೆ ಪ್ರತಿಯಾಗಿ, ಎಂಟು ಹತ್ತು ವರ್ಷ ಹಳೆಯದಾದ, ಎಂಜಿನ್ ಮತ್ತು ಕಟ್ಟುಮಟ್ಟು ಸುಸ್ಥಿತಿಯಲ್ಲಿರುವ ಕಾರಿಗೆ 60,000 ರೂ. ವೆಚ್ಚ ಮಾಡಿ ಇನ್ನು ನಾಲ್ಕು ವರ್ಷ ಬಳಸಿದರೆ ವರ್ಷಕ್ಕೆ ಬೀಳುವ ಹೊರೆ 15,000 ರೂ. ಅದರ ಸವಕಳಿಯ ದೊಡ್ಡ ಪಾಲು ಈಗಾಗಲೇ ಆಗಿಹೋಗಿದೆ. ಉಳಿಯುವ ವ್ಯತ್ಯಾಸವು ಮಗಳ ಕಾಲೇಜು ಶುಲ್ಕವೋ ತಾಯಿಯ ಔಷಧಿ ಖರ್ಚೋ ಆಗಬಲ್ಲದು. ನಗರದ ಒಳಗೆ ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್ ಓಡಾಡುವ, ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಬಸವನಗುಡಿಯ ನ್ಯಾಷನಲ್ ಕಾಲೇಜಿನವರೆಗೆ 2017ರಿಂದಲೇ ಮೆಟ್ರೊ ಸೌಕರ್ಯ ಪಡೆದಿರುವ ಕುಟುಂಬಕ್ಕೆ ಈ ಲೆಕ್ಕ ಇನ್ನಷ್ಟು ಸ್ಪಷ್ಟ. ವಾರದಲ್ಲಿ ಎರಡು ದಿನ ಬಳಸುವ ವಸ್ತುವಿಗಾಗಿ ಏಳು ದಿನದ ಸಾಲ ಹೊರುವುದು ವಿವೇಕವೆನಿಸದು.

ಈ ವಾದಕ್ಕೆ ಎರಡು ಗಂಭೀರ ಆಕ್ಷೇಪಗಳಿವೆ. ಎರಡನ್ನೂ ಒಪ್ಪಿಕೊಂಡೇ ಮುಂದುವರಿಯಬೇಕು. ಮೊದಲನೆಯದು ಸುರಕ್ಷತೆ. ಚಕ್ರಗಳು ಬಿಗಿಯಾಗಿ ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಮುಂದಿನ ಎರಡು ಏರ್‌ಬ್ಯಾಗ್‌ಗಳು ಕಡ್ಡಾಯವಾದದ್ದು 2022ರ ಆರಂಭದಿಂದ. ಎರಡನೆಯದು ಮಾಲಿನ್ಯ. ಬಿ.ಎಸ್. 6 ಮಾನದಂಡ ಜಾರಿಯಾದದ್ದು 2020ರ ಏಪ್ರಿಲ್‌ನಲ್ಲಿ. ಆದ್ದರಿಂದ ಏರ್‌ಬ್ಯಾಗ್ ಇಲ್ಲದ, ತುಕ್ಕು ಹಿಡಿದ, ಹೊಗೆಯುಗುಳುವ ಕಾರಿಗೆ ಅಲಂಕಾರ ಮಾಡುವುದರಲ್ಲಿ ಅರ್ಥವಿಲ್ಲ. ಹೆದ್ದಾರಿಯಲ್ಲಿ ನಿತ್ಯ ಪ್ರಯಾಣ ಮಾಡುವವರು ಹೊಸದರ ಕಡೆಗೆ ಹೋಗುವುದೇ ಮೇಲು. ಉಳಿಸಿಕೊಳ್ಳಲು ಯೋಗ್ಯವಾದ ಕಾರು ಯಾವುದು, ಅಲ್ಲದ್ದು ಯಾವುದು ಎಂಬ ವಿಂಗಡಣೆಯೇ ಮಿತವ್ಯಯದ ಮೊದಲ ಹೆಜ್ಜೆ.

ಪೆಟ್ಟಿಗೆಯ ಹಿಂದಿನ ಸತ್ಯ

1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಬಳಸಿದ ಕಾರುಗಳ ಮಾರುಕಟ್ಟೆಯನ್ನು ಕುರಿತು ಒಂದು ಲೇಖನ ಪ್ರಕಟಿಸಿದರು. ಮಾರುವವನಿಗೆ ಸರಕಿನ ಗುಣ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿದ್ದಾಗ, ಕಳಪೆ ಮಾಲು ಒಳ್ಳೆಯ ಮಾಲನ್ನು ಮಾರುಕಟ್ಟೆಯಿಂದಲೇ ಓಡಿಸುತ್ತದೆ ಎಂಬುದು ಅದರ ಸಾರ. 2001ರಲ್ಲಿ ಅವರು ನೊಬೆಲ್ ಪುರಸ್ಕಾರ ಹಂಚಿಕೊಂಡರು. ಬಿಡಿಭಾಗಗಳ ವಿಷಯದಲ್ಲಿ ಈ ಮಾತು ಕಾರಿಗಿಂತಲೂ ಹೆಚ್ಚು ಅನ್ವಯಿಸುತ್ತದೆ. ಕಾರನ್ನು ಓಡಿಸಿ ನೋಡಬಹುದು. ಬ್ರೇಕ್ ಪ್ಯಾಡನ್ನು ಅಂಗಡಿಯ ಕಟ್ಟೆಯ ಮೇಲೆ ಪರೀಕ್ಷಿಸುವುದು ಯಾರಿಂದಲೂ ಸಾಧ್ಯವಿಲ್ಲ. ನಕಲಿ ಪ್ಯಾಡ್ ತನ್ನ ಗುಣವನ್ನು ತೋರಿಸುವುದು ಇಳಿಜಾರಿನಲ್ಲಿ.

ಮಾರುಕಟ್ಟೆಯಲ್ಲಿ ಸಿಗುವ ಭಾಗಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಕಾರು ತಯಾರಕರ ಹೆಸರಿನ ಪೆಟ್ಟಿಗೆಯಲ್ಲಿ ಬರುವುದು ಒಂದು. ಆ ತಯಾರಕರಿಗೆ ಭಾಗ ಪೂರೈಸುವ ಕಂಪನಿಯು ತನ್ನದೇ ಹೆಸರಿನಲ್ಲಿ ಮಾರುವುದು ಎರಡನೆಯದು. ಇವೆರಡರ ನಕಲು ಮೂರನೆಯದು. ಕಾರು ಕಂಪನಿಗಳು ಪ್ರತಿಯೊಂದು ಭಾಗವನ್ನೂ ತಾವೇ ತಯಾರಿಸುವುದಿಲ್ಲ ಎಂಬುದು ಬೆಂಗಳೂರಿಗರಿಗೆ ಹೊಸ ವಿಷಯವಲ್ಲ. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ, ಅಂದರೆ 2008ರಿಂದ ಬಾಷ್ ಎಂದು ಹೆಸರಾದ ಕಾರ್ಖಾನೆ, ಸ್ಪಾರ್ಕ್ ಪ್ಲಗ್ ಮತ್ತು ಇಂಧನ ಪಂಪುಗಳಿಗೆ ದೇಶಕ್ಕೇ ಪರಿಚಿತವಾಗಿತ್ತು. ಹೀಗಿರುವಾಗ ಪೂರೈಕೆದಾರನ ಹೆಸರಿನ ಭಾಗವನ್ನು ಕೊಂಡರೆ ಗುಣದಲ್ಲಿ ಹೆಚ್ಚಿನ ನಷ್ಟವಿಲ್ಲದೆ ಬೆಲೆಯಲ್ಲಿ ಉಳಿತಾಯವಾಗುತ್ತದೆ. ಜಾಣ ಗ್ರಾಹಕ ಹುಡುಕಬೇಕಾದದ್ದು ಈ ಎರಡನೆಯ ಬಗೆಯನ್ನು.

ಕೊಳ್ಳುವಾಗ ಕೆಲವು ಸರಳ ನಿಯಮಗಳು ಸಾಕು. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಬೇಕು; ಅದರ ಮೇಲಿನ ಭಾಗ ಸಂಖ್ಯೆಯನ್ನು ಹೊಸದರೊಡನೆ ತಾಳೆ ನೋಡಬೇಕು. ಕನಿಷ್ಠ ಮೂರು ಅಂಗಡಿಗಳಲ್ಲಿ ಬೆಲೆ ವಿಚಾರಿಸಬೇಕು. ಮಿಕ್ಕ ಎರಡಕ್ಕಿಂತ ತೀರಾ ಕಡಿಮೆ ಹೇಳಿದ ಮೂರನೆಯದನ್ನು ಅನುಮಾನಿಸಬೇಕು. ಜಿ.ಎಸ್.ಟಿ. ಬಿಲ್ಲನ್ನು ಕೇಳಿ ಪಡೆಯಬೇಕು. ಬಿಲ್ಲಿಲ್ಲದೆ ಉಳಿಸಿದ ಹಣವು ಭಾಗ ಕೆಟ್ಟ ದಿನ ದೂರು ಕೊಡುವ ಹಕ್ಕನ್ನೇ ಕಳೆಯುತ್ತದೆ. ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದುವುದು ಕಲಿಯಬೇಕು: 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದದ್ದು. ರಿಯಾಯಿತಿಯ ಹೆಸರಿನಲ್ಲಿ ಹಲವು ವರ್ಷ ಗೋದಾಮಿನಲ್ಲಿದ್ದ ಟೈರನ್ನು ಒಪ್ಪಿಕೊಳ್ಳಬಾರದು. ಬ್ರೇಕ್, ಸ್ಟಿಯರಿಂಗ್, ಟೈರ್ ಈ ಮೂರರಲ್ಲಿ ಬಳಸಿದ ಭಾಗವನ್ನು ಎಂದಿಗೂ ಕೊಳ್ಳಬಾರದು. ಬಾಗಿಲಿನ ಹಿಡಿ, ಕನ್ನಡಿಯ ಕವಚ, ಡ್ಯಾಶ್‌ಬೋರ್ಡಿನ ತುಣುಕುಗಳಿಗೆ ಬಳಸಿದ್ದು ಆದೀತು. ಅದಕ್ಕೂ ಮೂಲ ಗೊತ್ತಿರಬೇಕು.

ಅಂದಕ್ಕೂ ಒಂದು ಕ್ರಮವಿದೆ

ಅಲಂಕಾರವೆಂದರೆ ಸೇರಿಸುತ್ತ ಹೋಗುವುದು ಎಂಬ ಭಾವನೆಯೇ ಬಹುತೇಕ ಹಣಪೋಲಿಗೆ ಮೂಲ. ಅಗಲವಾದ ಚಕ್ರ, ಹಿಂಬದಿಗೆ ರೆಕ್ಕೆ, ಬಾಗಿಲಿಗೆ ಕ್ರೋಮ್ ಪಟ್ಟಿ, ಗಾಜಿನ ಮೇಲೆ ಬರಹ, ಇವೆಲ್ಲ ಸೇರಿದಾಗ ಕಾರು ಸಂತೆಗೆ ಹೊರಟ ಎತ್ತಿನಂತೆ ಕಾಣುತ್ತದೆಯೇ ಹೊರತು ಅಂದವಾಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದವನು ಖರ್ಚನ್ನು ಒಂದು ಕ್ರಮದಲ್ಲಿ ಮಾಡಬೇಕು. ಮೊದಲು ನಿಲ್ಲಿಸುವ ಮತ್ತು ತಿರುಗಿಸುವ ಭಾಗಗಳು: ಟೈರು, ಬ್ರೇಕು, ಶಾಕ್ ಅಬ್ಸಾರ್ಬರ್, ಸವೆದ ರಬ್ಬರ್ ಬುಷ್‌ಗಳು. ನಂತರ ನೋಡಲು ನೆರವಾಗುವವು: ದೀಪ, ವೈಪರ್, ಕನ್ನಡಿ. ಅನಂತರ ಕೂರುವ ಜಾಗ. ಕೊನೆಯಲ್ಲಿ ನೋಟ ಮತ್ತು ಧ್ವನಿ. 60,000 ರೂ. ಇದ್ದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲೆರಡು ಬಾಬ್ತುಗಳಿಗೇ ಹೋಗುವುದು ಯೋಗ್ಯ. ಹೊಸ ಬುಷ್ ಮತ್ತು ಶಾಕ್ ಅಬ್ಸಾರ್ಬರ್ ಹಾಕಿದ ಕಾರು ಗುಂಡಿಗಳ ಮೇಲೆ ಸದ್ದಿಲ್ಲದೆ ಸಾಗಿದಾಗ ಸಿಗುವ ಸುಖವನ್ನು ಯಾವ ಕ್ರೋಮ್ ಪಟ್ಟಿಯೂ ಕೊಡಲಾರದು.

ನೋಟದ ವಿಷಯದಲ್ಲಿ ಮಿತವ್ಯಯಿಗೆ ಒಂದು ಉತ್ತಮ ಸೂತ್ರವಿದೆ: ತನ್ನದೇ ಮಾದರಿಯ ದುಬಾರಿ ಆವೃತ್ತಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು. ಸಾಮಾನ್ಯವಾಗಿ ಒಂದೇ ಕಾರಿನ ಅಗ್ಗದ ಮತ್ತು ದುಬಾರಿ ಆವೃತ್ತಿಗಳ ಮೂಲ ಚೌಕಟ್ಟು ಒಂದೇ. ವ್ಯತ್ಯಾಸವಿರುವುದು ಚಕ್ರ, ದೀಪ, ಕನ್ನಡಿ, ಸೀಟಿನ ಬಟ್ಟೆ, ಸ್ಟಿಯರಿಂಗ್‌ನ ಹೊದಿಕೆಗಳಲ್ಲಿ. ಆ ಭಾಗಗಳು ಬಿಡಿಯಾಗಿ ಸಿಗುತ್ತವೆ, ಕೊರೆಯದೆ ಕತ್ತರಿಸದೆ ಕೂರುತ್ತವೆ, ಪ್ರಮಾಣ ಕೆಡಿಸುವುದಿಲ್ಲ. ಮಾರುತಿ ಸ್ವಿಫ್ಟ್‌ನ ಕೆಳ ಆವೃತ್ತಿಗಳಿಗೆ 165/80 ಅಳತೆಯ 14 ಇಂಚಿನ ಟೈರು, ಮೇಲಿನ ಆವೃತ್ತಿಗಳಿಗೆ 185/65 ಅಳತೆಯ 15 ಇಂಚಿನ ಟೈರು ಬಂದಿವೆ. ಲೆಕ್ಕ ಹಾಕಿದರೆ ಒಟ್ಟು ವ್ಯಾಸ ಕ್ರಮವಾಗಿ ಸುಮಾರು 620 ಮತ್ತು 622 ಮಿಲಿಮೀಟರ್. ಎರಡು ಮಿಲಿಮೀಟರ್ ವ್ಯತ್ಯಾಸ. ವೇಗಮಾಪಕ ತಪ್ಪು ತೋರಿಸುವುದಿಲ್ಲ, ಚಕ್ರ ಕಮಾನಿಗೆ ಉಜ್ಜುವುದಿಲ್ಲ. ಇದಕ್ಕೆ ಬದಲಾಗಿ 17 ಇಂಚಿನ ಚಕ್ರ ಏರಿಸಿದವನು ಮೈಲೇಜು, ಸಸ್ಪೆನ್ಷನ್, ಬೆನ್ನು ಮೂರಕ್ಕೂ ದಂಡ ತೆರುತ್ತಾನೆ.

ದೀಪದ ಮಾತು ಪ್ರತ್ಯೇಕವಾಗಿ ಹೇಳತಕ್ಕದ್ದು. ಬಹಳಷ್ಟು ಹಳೆಯ ಸಣ್ಣ ಕಾರುಗಳ ಹೆಡ್‌ಲೈಟ್ ಮಂಕಾಗಿರುವುದಕ್ಕೆ ಬಲ್ಬು ಕಾರಣವಲ್ಲ. ಮುಂದಿನ ಪ್ಲಾಸ್ಟಿಕ್ ಕವಚ ಬಿಸಿಲಿಗೆ ಹಳದಿಗಟ್ಟಿರುವುದು ಕಾರಣ. ಅದನ್ನು ಉಜ್ಜಿ ಹೊಳಪು ಕೊಡಿಸಲು ತಗಲುವ ಖರ್ಚು ಅಲ್ಪ. ನಂತರವೂ ಬೆಳಕು ಸಾಲದಿದ್ದರೆ ರಿಲೇ ಇರುವ ಉತ್ತಮ ತಂತಿ ಜೋಡಣೆ ಹಾಕಿಸಿ ನಿಯಮಿತ 60/55 ವಾಟಿನ ಬಲ್ಬನ್ನೇ ಬಳಸಬಹುದು. ಇದನ್ನು ಬಿಟ್ಟು ಹ್ಯಾಲೊಜೆನ್‌ಗಾಗಿ ರಚಿಸಿದ ದೀಪದೊಳಗೆ ಪ್ರಖರ ಎಲ್‌ಇಡಿ ತುರುಕಿದರೆ ಬೆಳಕು ಚೆದುರಿ ಎದುರಿನವನ ಕಣ್ಣು ಕುಕ್ಕುತ್ತದೆ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಇಂತಹ ದೀಪಗಳ ವಿರುದ್ಧ ರಾಜ್ಯವ್ಯಾಪಿ ಕಾರ್ಯಾಚರಣೆ ಕೈಗೊಂಡದ್ದು ಸಕಾರಣವಾಗಿಯೇ ಇತ್ತು. ಸ್ವಂತ ಅನುಕೂಲಕ್ಕಾಗಿ ಇತರರನ್ನು ಕುರುಡಾಗಿಸುವ ಹಕ್ಕು ಯಾರಿಗೂ ಇಲ್ಲ.

ಸೀಟಿನ ಹೊದಿಕೆಯಲ್ಲಿಯೂ ಎಚ್ಚರ ಬೇಕು. ಈಚಿನ ಹಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಸೀಟಿನ ಅಂಚಿನಲ್ಲಿಯೇ ಅಡಗಿರುತ್ತದೆ. ಬಿಗಿಯಾದ ಮಾಮೂಲಿ ಹೊದಿಕೆ ಅದನ್ನು ಕಟ್ಟಿಹಾಕುತ್ತದೆ. ಆ ಭಾಗದಲ್ಲಿ ತೆರೆದುಕೊಳ್ಳುವ ಹೊಲಿಗೆಯುಳ್ಳ ಹೊದಿಕೆಯನ್ನೇ ಕೇಳಿ ಹಾಕಿಸಬೇಕು. ಹೊರಗಿನಿಂದ ಜೋಡಿಸಿದ ವಿದ್ಯುತ್ ಸಾಧನಗಳನ್ನು ವಿಮಾ ಪಾಲಿಸಿಯಲ್ಲಿ ನಮೂದಿಸದಿದ್ದರೆ ಕಳುವಾದಾಗ ಪರಿಹಾರ ಸಿಗುವುದಿಲ್ಲ. ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಸಾಮಾನ್ಯ ಪಾಲಿಸಿ ಕೊಡುವುದು ಅರ್ಧ ಬೆಲೆ ಮಾತ್ರ ಎಂಬುದನ್ನೂ, ದುಬಾರಿ ಬಂಪರ್ ಹಾಕಿಸುವ ಮೊದಲು ನೆನೆಯುವುದು ಒಳ್ಳೆಯದು.

ಕಾನೂನು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಇಲ್ಲಿಂದ ಸರ್ಕಾರದ ಹೊಣೆ ಆರಂಭವಾಗುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ರಚನಾತ್ಮಕ ಬದಲಾವಣೆ ಎಂಬ ವಿವರಣೆಯೂ ಅದರಲ್ಲಿದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡಿಗೆ, ಬಿಡಿಭಾಗ ಜೋಡಣೆಯೂ ಸೇರಿದಂತೆ, ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು.

ನಿಷೇಧದ ಉದ್ದೇಶ ಸರಿಯಾದದ್ದೇ. ಚೌಕಟ್ಟು ಕತ್ತರಿಸಿದ, ಎತ್ತರ ತಗ್ಗಿಸಿದ, ಸದ್ದು ಮಾಡುವ ಸೈಲೆನ್ಸರ್ ಹಾಕಿದ ವಾಹನ ಸಾರ್ವಜನಿಕರಿಗೆ ಅಪಾಯ ಮತ್ತು ಕಿರುಕುಳ. ಕಾರಿನ ಮುಂದೆ ಕಬ್ಬಿಣದ ಬುಲ್ ಬಾರ್ ಕಟ್ಟುವುದರ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಸೂಚಿಸಿದ್ದೂ ಪಾದಚಾರಿಗಳ ಹಿತಕ್ಕಾಗಿ. ತೊಡಕಿರುವುದು ನಡುವಣ ಪ್ರದೇಶದಲ್ಲಿ. ದುಬಾರಿ ಆವೃತ್ತಿಯ ಚಕ್ರ ಹಾಕಿದರೆ ಅದು ಮೂಲ ಲಕ್ಷಣದ ಬದಲಾವಣೆಯೇ? ಹಿಂಬದಿ ಕ್ಯಾಮೆರಾ? ಮಂಜಿನ ದೀಪ? ಬಣ್ಣ ನೋಂದಣಿ ಪತ್ರದಲ್ಲಿ ದಾಖಲಾಗಿರುವುದರಿಂದ ಅದನ್ನು ಬದಲಿಸಲು ಅನುಮತಿ ಬೇಕೆಂಬುದು ಸ್ಪಷ್ಟ. ಬಣ್ಣದ ಹಾಳೆ ಅಂಟಿಸಿದರೆ? ಇವಕ್ಕೆ ಸಾಮಾನ್ಯನು ಕನ್ನಡದಲ್ಲಿ ಓದಿ ತಿಳಿಯಬಹುದಾದ ಸರಳ ಉತ್ತರಗಳು ಒಂದೆಡೆ ಇರಬೇಕಿತ್ತು.

ಗಾಜಿನ ಫಿಲ್ಮ್‌ನ ಕಥೆ ಈ ಗೊಂದಲಕ್ಕೆ ತಕ್ಕ ನಿದರ್ಶನ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ ಗಾಜಿನಲ್ಲಿ ಶೇ 50 ಬೆಳಕು ಹಾಯಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮ. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಎಷ್ಟೇ ಬೆಳಕು ಹಾಯುವ ಫಿಲ್ಮ್ ಆದರೂ ಗಾಜಿನ ಮೇಲೆ ಅಂಟಿಸುವಂತಿಲ್ಲ ಎಂದಿತು. ಬಳಿಕ ನಿಯಮಕ್ಕೆ ತಿದ್ದುಪಡಿಯಾಗಿ, 2021ರ ಏಪ್ರಿಲ್‌ನಿಂದ ಪ್ಲಾಸ್ಟಿಕ್ ಪದರವುಳ್ಳ ಸುರಕ್ಷಾ ಗಾಜಿಗೂ ಅವಕಾಶ ದೊರೆಯಿತು. 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್, ತಿದ್ದುಪಡಿಯಾದ ನಿಯಮಕ್ಕೆ ಅನುಗುಣವಾದ ಪದರಕ್ಕೆ ದಂಡ ವಿಧಿಸಲಾಗದು ಎಂದು ಹೇಳಿತು. ಈಗ ಬೇಸಿಗೆಯ ಬಿಸಿಲಿಗಾಗಿ ಪಾರದರ್ಶಕ ಶಾಖನಿರೋಧಕ ಪದರ ಹಾಕಿಸಲು ಜೆ.ಸಿ. ರಸ್ತೆಗೆ ಬಂದ ಹಿರಿಯ ನಾಗರಿಕ ಯಾವುದನ್ನು ನಂಬಬೇಕು? ಅಂಗಡಿಯವನು ಆಗುತ್ತದೆ ಎನ್ನುತ್ತಾನೆ. ಮುಂದಿನ ವೃತ್ತದಲ್ಲಿ ಪೊಲೀಸ್ ಸಿಬ್ಬಂದಿ ಆಗದು ಎನ್ನಬಹುದು. ಇಬ್ಬರಲ್ಲಿ ಯಾರ ಬಳಿಯೂ ಬೆಳಕನ್ನು ಅಳೆಯುವ ಯಂತ್ರವಿಲ್ಲದಿದ್ದರೆ ವಿವಾದ ಇತ್ಯರ್ಥವಾಗುವುದು ಹೇಗೆಂದು ಊಹಿಸುವುದು ಕಷ್ಟವಲ್ಲ.

ಕಾನೂನು ಅಸ್ಪಷ್ಟವಾದಾಗ ಅದರ ಭಾರ ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬುದು ಆಡಳಿತದಲ್ಲಿ ದೀರ್ಘಕಾಲ ಕೆಲಸ ಮಾಡಿದ ಯಾರಿಗಾದರೂ ತಿಳಿದ ವಿಷಯ. ಕಾನೂನಿಗೆ ಅಂಜುವವನು ಉಪಯುಕ್ತವಾದ ಬದಲಾವಣೆಯನ್ನೂ ಕೈಬಿಡುತ್ತಾನೆ. ಅಂಜದವನು ಅಪಾಯಕಾರಿಯಾದುದನ್ನೂ ಮಾಡಿ ದಕ್ಕಿಸಿಕೊಳ್ಳುತ್ತಾನೆ. ನಡುವೆ ವಿವೇಚನಾಧಿಕಾರಕ್ಕೆ ಬೆಲೆ ಬರುತ್ತದೆ. ಇದೇ ಕಾಯಿದೆಯು ಅಂಗವೈಕಲ್ಯವುಳ್ಳವರಿಗಾಗಿ ವಾಹನವನ್ನು ಮಾರ್ಪಡಿಸಲು ಅವಕಾಶ ಕೊಟ್ಟಿದೆ. ಕೈಯಿಂದಲೇ ಬ್ರೇಕ್ ಮತ್ತು ಆಕ್ಸಿಲರೇಟರ್ ನಿರ್ವಹಿಸುವ ಜೋಡಣೆ ಅಂತಹವರ ಬದುಕನ್ನೇ ಬದಲಿಸಬಲ್ಲದು. ಒಳ್ಳೆಯ ಮಾರ್ಪಾಡು ಸಾಧ್ಯವೆಂದು ಕಾನೂನೇ ಒಪ್ಪಿರುವಾಗ, ಯಾವುದು ಒಳ್ಳೆಯದೆಂದು ಪಟ್ಟಿ ಮಾಡಿ ಹೇಳಲು ಹಿಂಜರಿಕೆ ಏಕೆ?

ಬಿಡಿಭಾಗ ಯಾರ ಸ್ವತ್ತು?

ಗೊಂದಲದ ಇನ್ನೊಂದು ಮುಖ ಕಂಪನಿಗಳದು. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,544 ಕೋಟಿ ರೂ. ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷಪತ್ತೆ ಉಪಕರಣಗಳನ್ನೂ ಮುಕ್ತ ಮಾರುಕಟ್ಟೆಗೆ ಬಿಡದೆ, ಸ್ವತಂತ್ರ ಗ್ಯಾರೇಜುಗಳನ್ನು ಹೊರಗಿಟ್ಟು, ಗ್ರಾಹಕರನ್ನು ತಮ್ಮ ಅಧಿಕೃತ ಕೇಂದ್ರಗಳಿಗೇ ಕಟ್ಟಿಹಾಕಿದ್ದವೆಂಬುದು ಆಯೋಗದ ತೀರ್ಮಾನದ ಸಾರ. ಪ್ರಕರಣ ಮೇಲ್ಮನವಿಗಳಲ್ಲಿ ವರ್ಷಗಟ್ಟಲೆ ಎಳೆಯಿತು. ದಂಡಕ್ಕಿಂತ ಮುಖ್ಯವಾದುದು ಆಯೋಗ ಗುರುತಿಸಿದ ತತ್ವ: ಕಾರು ಮಾರಿದ ಮೇಲೆ ಅದರ ದುರಸ್ತಿಯೂ ತನ್ನದೇ ಸ್ವತ್ತೆಂದು ತಯಾರಕನು ಸಾಧಿಸುವಂತಿಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈನಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿ ರಚಿಸಿ, ವಾಹನ ಕ್ಷೇತ್ರವನ್ನೂ ಅದರ ವ್ಯಾಪ್ತಿಗೆ ಸೇರಿಸಿತು; ಡಿಸೆಂಬರಿನಲ್ಲಿ ಅಂತರ್ಜಾಲ ತಾಣವನ್ನೂ ತೆರೆಯಿತು. ಆದರೆ ಮಾಹಿತಿ ಕೊಡುವ ತಾಣಕ್ಕೂ ಭಾಗ ಕೊಡಲೇಬೇಕೆಂಬ ಕಟ್ಟಳೆಗೂ ಬಹಳ ಅಂತರವಿದೆ.

ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ದೇಶದಾದ್ಯಂತ ಬಂದ ಮೇಲೆ ಈ ಹಕ್ಕು ಇನ್ನೂ ಮಹತ್ವ ಪಡೆದಿದೆ. ಕೆಲವು ಹಳೆಯ ವಾಹನಗಳಲ್ಲಿ ರಬ್ಬರ್ ಭಾಗ ಮತ್ತು ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು, ಅದು ಅಗ್ಗದ ಕೆಲಸ ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿತು. ಅಗ್ಗವಾಗುವುದು ಆ ಭಾಗ ಅಂಗಡಿಯಲ್ಲಿ ಸಿಕ್ಕರೆ ಮಾತ್ರ. ಯಾವ ವರ್ಷದ ಯಾವ ಮಾದರಿಗೆ ಯಾವ ಭಾಗ ಬದಲಿಸಬೇಕೆಂಬ ಪಟ್ಟಿಯನ್ನು ತಯಾರಕರು ಬಹಿರಂಗಪಡಿಸದಿದ್ದರೆ, ಜೆ.ಸಿ. ರಸ್ತೆಯ ವರ್ತಕನಾಗಲಿ ಗವಿಪುರದ ಮೆಕ್ಯಾನಿಕ್ಕಾಗಲಿ ಊಹೆಯಿಂದ ಕೆಲಸ ಮಾಡಬೇಕಾಗುತ್ತದೆ. ಇಂಧನವನ್ನು ಸರ್ಕಾರ ಬದಲಿಸಿದ ಮೇಲೆ, ಅದಕ್ಕೆ ತಕ್ಕ ಕೊಳವೆಯನ್ನು ಹುಡುಕುವ ಹೊಣೆಯನ್ನು ನಾಗರಿಕನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ.

ಆಗಬೇಕಾದದ್ದೇನು?

ಮೊದಲನೆಯದಾಗಿ, ರಾಜ್ಯ ಸಾರಿಗೆ ಇಲಾಖೆಯು ಕನ್ನಡದಲ್ಲಿ ಒಂದು ಪುಟದ ಪಟ್ಟಿ ಪ್ರಕಟಿಸಬೇಕು: ಅನುಮತಿ ಬೇಡದ ಬದಲಾವಣೆಗಳು, ಅನುಮತಿ ಪಡೆದು ಮಾಡಬಹುದಾದವು, ಎಂದಿಗೂ ಮಾಡಬಾರದವು. ಅದು ಪ್ರತಿ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿಯೂ ಬಿಡಿಭಾಗದ ಅಂಗಡಿಯಲ್ಲಿಯೂ ತೂಗುವಂತಾಗಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಇರುವ ಕಾನೂನನ್ನು ಓದಿ ಹೇಳುವ ಇಚ್ಛೆ ಸಾಕು. ಎರಡನೆಯದಾಗಿ, ಕೊಂಡವನಿಗಿಂತ ಮಾರಿದವನ ಮೇಲೆ ಕಣ್ಣಿಡಬೇಕು. ಮಾನದಂಡಕ್ಕೆ ಒಳಪಡದ ಪ್ರಮುಖ ಸುರಕ್ಷಾ ಭಾಗವನ್ನು ಮಾರಿದವನಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಭಾಗವೊಂದಕ್ಕೆ 1 ಲಕ್ಷ ರೂ. ದಂಡ ವಿಧಿಸುವ ಅವಕಾಶವನ್ನೂ 2019ರ ತಿದ್ದುಪಡಿಯೇ ಕೊಟ್ಟಿದೆ. ನಕಲಿ ಬ್ರೇಕ್ ಪ್ಯಾಡಿನ ಮೂಲಕ್ಕೆ ಹೋಗದೆ ರಸ್ತೆಯಲ್ಲಿ ಕಾರು ತಡೆದು ಫಿಲ್ಮ್ ಕೀಳುವುದರಿಂದ ಜೀವ ಉಳಿಯದು. ಪ್ರಾಮಾಣಿಕ ವರ್ತಕರೂ ಇದನ್ನು ಸ್ವಾಗತಿಸುವರು. ಅಕರ್ಲಾಫ್ ಹೇಳಿದಂತೆ ಕಳಪೆ ಮಾಲಿನಿಂದ ಮೊದಲು ಸೋಲುವವರು ಅವರೇ.

ಮೂರನೆಯದಾಗಿ, ಬಳಸಿದ ಭಾಗಗಳಿಗೆ ದಾಖಲೆ ಬೇಕು. ಕದ್ದ ವಾಹನಗಳು ಬಿಡಿಭಾಗಗಳಾಗಿ ಕಣ್ಮರೆಯಾಗುವುದು ಹಳೆಯ ಪಿಡುಗು. 2021ರ ನಿಯಮಗಳಡಿ ನೋಂದಾಯಿತ ಗುಜರಿ ಕೇಂದ್ರಗಳ ವ್ಯವಸ್ಥೆ ಬಂದಿದೆ. ಅಲ್ಲಿ ಬಿಚ್ಚಿದ ಸುಸ್ಥಿತಿಯ ಬಾಗಿಲು, ಗಾಜು, ಸೀಟುಗಳು ವಾಹನದ ಸಂಖ್ಯೆಯೊಡನೆ, ಬಿಲ್ಲಿನೊಡನೆ ಮಾರುಕಟ್ಟೆಗೆ ಬರುವಂತಾದರೆ ಗ್ರಾಹಕನಿಗೆ ಅಗ್ಗದ ಭಾಗ, ಪೊಲೀಸರಿಗೆ ಸುಳಿವು, ಪರಿಸರಕ್ಕೆ ಉಳಿತಾಯ ಮೂರೂ ಆಗುತ್ತವೆ. ನಾಲ್ಕನೆಯದಾಗಿ, ಮಾರುಕಟ್ಟೆಯನ್ನು ಉಳಿಸಬೇಕು. ಮಿನರ್ವ ವೃತ್ತದಿಂದ ಹಡ್ಸನ್ ವೃತ್ತದವರೆಗೆ ಮೇಲ್ಸೇತುವೆಯ ಪ್ರಸ್ತಾವ ಹಲವು ವರ್ಷಗಳಿಂದ ಆಗಾಗ ತಲೆಯೆತ್ತುತ್ತಿದೆ. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗಕ್ಕೆ ಬಂದ ಹೊಸ ಪಾಲಿಕೆಗಳು ಈ ರಸ್ತೆಯನ್ನು ವಾಹನ ಹರಿಯುವ ಕಾಲುವೆಯೆಂದು ಮಾತ್ರ ನೋಡದೆ, ವ್ಯವಸ್ಥಿತ ನಿಲುಗಡೆ, ಪಾದಚಾರಿ ಮಾರ್ಗ ಮತ್ತು ಬೀದಿಯಲ್ಲೇ ಕಾರು ಬಿಚ್ಚುವ ಕೆಲಸಕ್ಕೆ ಹತ್ತಿರದಲ್ಲಿ ಪರ್ಯಾಯ ಜಾಗ ಕಲ್ಪಿಸುವ ಬಗ್ಗೆ ಯೋಚಿಸಬೇಕು. ವರ್ತಕರೂ ಕಾಲುದಾರಿಯ ಮೇಲೆ ಸರಕು ಹರಡುವ ಚಾಳಿ ಬಿಡಬೇಕು.

ಒಂದು ಕಾರನ್ನು ತಯಾರಿಸಲು ಎಷ್ಟೋ ಉಕ್ಕು, ಗಾಜು, ರಬ್ಬರು, ವಿದ್ಯುತ್ತು ವ್ಯಯವಾಗಿರುತ್ತದೆ. ಅದು ಉಪಯುಕ್ತವಾಗಿರುವಷ್ಟು ಕಾಲ ಉಪಯೋಗಿಸುವುದು ದೇಶದ ಸಂಪತ್ತಿಗೂ ಹಿತ. ಕೋಟಿಗೂ ಮೀರಿದ ವಾಹನಗಳಿರುವ ಈ ನಗರದಲ್ಲಿ ಇರುವ ಕಾರನ್ನು ಚೆನ್ನಾಗಿ ನೋಡಿಕೊಳ್ಳುವವನಿಗೆ ನೀತಿಯ ಪುಸ್ತಕದಲ್ಲಿ ಒಂದು ಸಾಲೂ ಇಲ್ಲದಿರುವುದು ಕೊರತೆಯೇ ಸರಿ. ಅವನು ಸಹಾಯಧನ ಕೇಳುತ್ತಿಲ್ಲ. ಏನು ಮಾಡಬಹುದೆಂದು ತಿಳಿಸಿ, ಕೊಳ್ಳುವ ಭಾಗ ಅಸಲಿಯೆಂಬ ಭರವಸೆ ಕೊಡಿ, ಹಾಕಿಸುವ ಜಾಗ ಉಳಿಸಿ ಎಂದಷ್ಟೇ ಕೇಳುತ್ತಿದ್ದಾನೆ. ಇವು ಮೂರೂ ಸರ್ಕಾರದ ಖಜಾನೆಗೆ ಹೆಚ್ಚು ಹೊರೆಯಾಗದ ಕೆಲಸಗಳು.